ಮೊದಲು ಚಾವಣಿ, ಆಮೇಲೆ ಹೀಟ್ ಪಂಪ್



ಈ ಸಲ ಬೈಬಲ್ ಕ್ವಿಜ್ ಬಗ್ಗೆ ಅಲ್ಲ, ಕ್ಯಾರಲ್ ತಂಡದ ಬಗ್ಗೆಯೂ ಅಲ್ಲ, ಚಳಿಯ ಬಗ್ಗೆ ಬರೆಯುತ್ತಿದ್ದೇನೆ. ಎರಡು ಮೂರು ತಿಂಗಳಿಂದ ನಮ್ಮ ಸಭೆಯ ಹಲವು ಮನೆಗಳಲ್ಲಿ ಒಂದೇ ಮಾತು ನಡೆಯುತ್ತಿದೆ: ಹೀಟ್ ಪಂಪ್ ಹಾಕಿಸೋಣವೇ, ಬೇಡವೇ? ಇಂಗ್ಲೆಂಡಿನಲ್ಲಿ ನರ್ಸ್ ಆಗಿರುವ ಅಕ್ಕಂದಿರು ವಿಡಿಯೋ ಕಾಲ್‌ನಲ್ಲಿ ಅಪ್ಪ ಅಮ್ಮ ಮಫ್ಲರ್ ಸುತ್ತಿಕೊಂಡು ನಡುಗುವುದನ್ನು ನೋಡುತ್ತಾರೆ. "ಇಲ್ಲಿ ಎಲ್ಲರೂ ಹಾಕಿಸ್ತಾ ಇದ್ದಾರೆ, ನಾನು ದುಡ್ಡು ಕಳಿಸ್ತೀನಿ, ನೀವೂ ಹಾಕಿಸಿ" ಎನ್ನುತ್ತಾರೆ. ಆಮೇಲೆ ಆರಾಧನೆ ಮುಗಿದು ಹೊರಗೆ ಬಂದಾಗ ಯಾರಾದರೂ ನನ್ನ ಕೈ ಹಿಡಿದು ಕೇಳುತ್ತಾರೆ: "ನೀನು ಬಿ.ಎಸ್ಸಿ. ಫಿಸಿಕ್ಸ್ ಅಲ್ವಾ, ಹೇಳು, ಅದು ಒಳ್ಳೇದಾ?" ಒಬ್ಬೊಬ್ಬರಿಗೂ ಅರ್ಧ ಅರ್ಧ ಹೇಳುವುದಕ್ಕಿಂತ ಒಂದೇ ಸಲ ಬರೆದುಬಿಡೋಣ ಅನ್ನಿಸಿತು.

ಯಂತ್ರ ಒಳ್ಳೆಯದೇ. ಆದರೆ ನಮ್ಮ ಹೆಚ್ಚಿನ ಮನೆಗಳಿಗೆ ಮೊದಲು ಬೇಕಾದದ್ದು ಅದಲ್ಲ. ಚಾವಣಿ, ಕಿಟಕಿ, ಬಾಗಿಲಿನ ಸಂದು ಮೊದಲು. ಆಮೇಲೆ ಹಿರಿಯರು ಮಲಗುವ ಒಂದೇ ಒಂದು ಕೋಣೆಗೆ ಯಂತ್ರ. ಇಡೀ ಮನೆಗೆ ಬೇಡ. ಇದು ಊಟಿ, ಕೂನೂರು, ಕೋತಗಿರಿ, ಕೇತಿ ಕಡೆಯವರಿಗೆ ಹೇಳುತ್ತಿರುವ ಮಾತು. ಗೂಡಲೂರಿನ ಗೆಳೆಯರು ಈ ಲೇಖನವನ್ನು ಬಿಟ್ಟು ಬಿಸಿಲು ಕಾಯಿಸಿಕೊಳ್ಳಬಹುದು!

ಯಂತ್ರದ ವಿಷಯಕ್ಕೆ ಹೋಗುವ ಮುಂಚೆ ಇದ್ದಿಲಿನ ಮಾತು. ನಮ್ಮಲ್ಲಿ ಇನ್ನೂ ಎಷ್ಟೋ ಮನೆಗಳಲ್ಲಿ ಡಿಸೆಂಬರ್ ಬಂತೆಂದರೆ ಕಬ್ಬಿಣದ ಬಾಣಲೆಯಲ್ಲೋ ಹಳೆಯ ಬಕೆಟ್ಟಿನಲ್ಲೋ ಕೆಂಡ ತುಂಬಿ ಮಲಗುವ ಕೋಣೆಗೆ ತಂದಿಡುತ್ತಾರೆ. ಹೊಗೆ ಇಲ್ಲವಲ್ಲ, ಪರವಾಗಿಲ್ಲ ಎನ್ನುತ್ತಾರೆ. ಹೊಗೆ ಇಲ್ಲದಿರುವುದೇ ಅಪಾಯ. ಅರೆಬರೆ ಉರಿಯುವ ಇದ್ದಿಲಿನಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ಕೊಡೈಕನಾಲಿನಲ್ಲಿ, ನಮ್ಮದೇ ಬೆಟ್ಟದ ಕಾಟೇಜುಗಳಲ್ಲಿ, ಬಾರ್ಬೆಕ್ಯೂ ಒಲೆಯನ್ನು ಕೋಣೆಯೊಳಗೆ ತಂದು ಮಲಗಿದ ಪ್ರವಾಸಿಗರು ಬೆಳಿಗ್ಗೆ ಏಳದೇ ಹೋದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಪ್ರವಾಸಿಗರಿಗೆ ಗೊತ್ತಿರಲಿಲ್ಲ ಅಂದುಕೊಳ್ಳುತ್ತೇವೆ. ನಮಗೆ ಗೊತ್ತಿದೆಯೇ?

"ನಮ್ಮ ಹಿಂದಿನವರು ಕೆಂಡ ಇಟ್ಟುಕೊಂಡೇ ಮಲಗಲಿಲ್ಲವಾ?" ಎಂದು ಹಿರಿಯರು ಕೇಳುತ್ತಾರೆ. ಮಲಗಿದ್ದರು ನಿಜ. ಆದರೆ ಆ ಮನೆ ಬೇರೆ. ಹಟ್ಟಿಯ ಹಳೆಯ ಮನೆಗಳಲ್ಲಿ ಹೆಂಚಿನ ಸಂದಿನಲ್ಲಿ ಗಾಳಿ ಆಡುತ್ತಿತ್ತು, ಹೊಗೆಯೂ ವಿಷವೂ ಹಾಗೇ ಮೇಲೆ ಹೋಗುತ್ತಿತ್ತು. ಈಗಿನ ಅಲ್ಯೂಮಿನಿಯಂ ಕಿಟಕಿಯ, ಕಾಂಕ್ರೀಟ್ ಚಾವಣಿಯ ಕೋಣೆಯಲ್ಲಿ ಅದೇ ಬಾಣಲೆ ಬೇರೆಯೇ ವಸ್ತು. ನಾನು ಮುಂದೆ ಸಂದುಗಳನ್ನು ಮುಚ್ಚಿ ಎಂದು ಹೇಳಲಿದ್ದೇನೆ. ಇದ್ದಿಲು ಬಿಡದವರು ದಯವಿಟ್ಟು ಒಂದು ಸಂದನ್ನೂ ಮುಚ್ಚಬೇಡಿ.

ಈಗ ಯಂತ್ರ. ಹೀಟ್ ಪಂಪ್ ಎಂದರೆ ಏನೋ ವಿದೇಶೀ ಮಾಯೆ ಎಂದು ತಿಳಿಯಬೇಡಿ. ನಿಮ್ಮ ಅಡುಗೆಮನೆಯ ಫ್ರಿಜ್ ಹಿಂದೆಯೋ ಪಕ್ಕದಲ್ಲೋ ಕೈ ಇಟ್ಟು ನೋಡಿ, ಬೆಚ್ಚಗಿರುತ್ತದೆ. ಒಳಗಿನ ಹಾಲು, ಸೊಪ್ಪು, ಮೀನಿನಲ್ಲಿದ್ದ ಶಾಖವನ್ನು ಎಳೆದು ಹೊರಗೆ ಹಾಕುತ್ತಿದೆ, ಅಷ್ಟೇ. ಹೀಟ್ ಪಂಪ್ ಅದೇ ಕೆಲಸವನ್ನು ತಿರುಗಿಸಿ ಮಾಡುತ್ತದೆ: ಹೊರಗಿನ ಗಾಳಿಯಿಂದ ಶಾಖ ಎಳೆದು ಮನೆಯೊಳಗೆ ಹಾಕುತ್ತದೆ. "ಹೊರಗೇ 6 ಡಿಗ್ರಿ ಇದ್ದರೆ ಶಾಖ ಎಲ್ಲಿಂದ ಬರುತ್ತೆ?" ಎಂಬುದು ಎಲ್ಲರೂ ಕೇಳುವ ಪ್ರಶ್ನೆ, ಒಳ್ಳೆಯ ಪ್ರಶ್ನೆ ಕೂಡ. ಉತ್ತರ ಕೊಳವೆಯೊಳಗೆ ಓಡುವ ದ್ರವದಲ್ಲಿದೆ. ಈಗಿನ ಏ.ಸಿ.ಗಳಲ್ಲಿ ತುಂಬುವ ಆರ್-32 ಎಂಬ ದ್ರವ ಸಾಮಾನ್ಯ ಒತ್ತಡದಲ್ಲಿ ಸೊನ್ನೆಗಿಂತ 52 ಡಿಗ್ರಿ ಕೆಳಗೇ ಕುದಿಯುತ್ತದೆ. ಅದನ್ನು ಸೊನ್ನೆಯ ಹತ್ತಿರ ತಣ್ಣಗೆ ಮಾಡಿ ಹೊರಗೆ ಓಡಿಸಿದರೆ ನಮ್ಮ 6 ಡಿಗ್ರಿಯ ಗಾಳಿ ಅದಕ್ಕೆ ಬಿಸಿಗಾಳಿ. ಅದು ಶಾಖ ಹೀರಿ ಆವಿಯಾಗುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿದಾಗ ಬಿಸಿ ಏರುತ್ತದೆ, ಕೋಣೆಯೊಳಗೆ ಬಂದು ಆ ಬಿಸಿಯನ್ನು ಬಿಟ್ಟು ಮತ್ತೆ ದ್ರವವಾಗುತ್ತದೆ. ಲಾರ್ಡ್ ಕೆಲ್ವಿನ್ ಈ ಯೋಚನೆಯನ್ನು 1852ರಲ್ಲೇ ಮುಂದಿಟ್ಟಿದ್ದರು.

ಇದರ ಲಾಭ ಹೀಗೆ. 1,000 ವ್ಯಾಟಿನ ರಾಡ್ ಹೀಟರ್ ಒಂದು ಯೂನಿಟ್ ಕರೆಂಟ್ ತಿಂದು ಒಂದು ಯೂನಿಟ್ ಶಾಖವನ್ನೇ ಕೊಡುತ್ತದೆ. ಎಷ್ಟು ದುಬಾರಿಯದು ತಂದರೂ, ಎಣ್ಣೆ ತುಂಬಿದ್ದಾದರೂ, ಫ್ಯಾನ್ ಇರುವುದಾದರೂ ಅಷ್ಟೇ. ಅಂಗಡಿಯವರು ಏನು ಹೇಳಿದರೂ ನಂಬಬೇಡಿ. ಹೀಟ್ ಪಂಪ್ ಶಾಖವನ್ನು ಹುಟ್ಟಿಸುವುದಿಲ್ಲ, ಹೊತ್ತು ತರುತ್ತದೆ. ಹಾಗಾಗಿ ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್ ಶಾಖ ತರಬಲ್ಲದು. ಚಳಿ ದೇಶದಲ್ಲಿ ಕೆಲಸ ಮಾಡುವುದಿಲ್ಲ ಎಂಬ ಮಾತೂ ಸುಳ್ಳು. ನಾರ್ವೆ, ಸ್ವೀಡನ್, ಫಿನ್ಲೆಂಡ್‌ಗಳಲ್ಲೇ ಹೀಟ್ ಪಂಪ್‌ಗಳು ಅತಿ ಹೆಚ್ಚು ಬಳಕೆಯಲ್ಲಿವೆ.

ಹಾಗಾದರೆ ಇಂಗ್ಲೆಂಡಿನ ಅಕ್ಕ ಹೇಳುವುದು ಸರಿಯೇ ಅಲ್ಲವೇ? ಅಲ್ಲಿಗೆ ಸರಿ. ಅಲ್ಲಿ ತಿಂಗಳುಗಟ್ಟಲೆ ಹಗಲೂ ರಾತ್ರಿ ಮನೆ ಬಿಸಿ ಮಾಡಬೇಕು. ಹೆಚ್ಚಿನ ಮನೆಗಳಲ್ಲಿ ಗ್ಯಾಸ್ ಬಾಯ್ಲರ್, ಪ್ರತಿ ಕೋಣೆಗೂ ಬಿಸಿನೀರಿನ ರೇಡಿಯೇಟರ್ ಮೊದಲೇ ಇರುತ್ತವೆ. ಬಾಯ್ಲರ್ ತೆಗೆದು ಹೀಟ್ ಪಂಪ್ ಇಟ್ಟರೆ ಅಲ್ಲಿನ ಸರಕಾರ 2023ರ ಅಕ್ಟೋಬರಿನಿಂದ 7,500 ಪೌಂಡ್ ಸಹಾಯಧನ ಕೊಡುತ್ತಿದೆ. ಇದಕ್ಕಿಂತ ಮುಖ್ಯ, ಅಕ್ಕ ವಿಡಿಯೋದಲ್ಲಿ ತೋರಿಸದೇ ಇರುವ ಒಂದು ಜಾಗ ಆ ಮನೆಯಲ್ಲಿದೆ: ಅಟ್ಟ. ಅಲ್ಲಿ ಚಾವಣಿಯ ಕೆಳಗಿನ ಅಟ್ಟಕ್ಕೆ 27 ಸೆಂಟಿಮೀಟರ್ ದಪ್ಪದ ಹತ್ತಿಯಂಥ ಗ್ಲಾಸ್‌ವೂಲ್ ಹಾಸಬೇಕು ಎಂಬುದು ಸಾಮಾನ್ಯ ಸಲಹೆ. ನಮ್ಮ ಚಾವಣಿಯ ಕೆಳಗೆ ಎಷ್ಟು ಸೆಂಟಿಮೀಟರ್ ಇದೆ? ಸುಣ್ಣ ಬಳಿದದ್ದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಸೊನ್ನೆ.

ನಮ್ಮ ಚಳಿಯೂ ಬೇರೆ ಜಾತಿಯದು. ಊಟಿಯಲ್ಲಿ ಜನವರಿಯ ಹಗಲು 20 ಡಿಗ್ರಿ ಮುಟ್ಟುತ್ತದೆ, ಬಿಸಿಲಿಗೆ ಕೂತರೆ ಸ್ವೆಟರ್ ತೆಗೆಯಬೇಕು. ಸಂಜೆ ಐದರ ಮೇಲೆ ಇಳಿಯಲು ಶುರುವಾಗಿ ಬೆಳಗಿನ ಜಾವ 5 ಡಿಗ್ರಿ, ತಗ್ಗು ಜಾಗಗಳಲ್ಲಿ ಸೊನ್ನೆ. ನಮಗೆ ಬೇಕಾಗಿರುವುದು ವರ್ಷಕ್ಕೆ ಸುಮಾರು ಅರವತ್ತು ಎಪ್ಪತ್ತು ರಾತ್ರಿಗಳ ಬಿಸಿ. ಮಳೆಗಾಲದ್ದು ಬೇರೆ ತೊಂದರೆ, ಅದು ಚಳಿಗಿಂತ ಹೆಚ್ಚಾಗಿ ತೇವ.

ಪರವೂರಿನ ಬಿಸಿ ನಮ್ಮ ಬೆಟ್ಟಕ್ಕೆ ಬಂದದ್ದು ಇದೇ ಮೊದಲಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷರು ಊಟಿಗೆ ಬಂದು ಕೋಣೆಗೊಂದು ಬೆಂಕಿಗೂಡು ಇಟ್ಟು ಬಂಗಲೆ ಕಟ್ಟಿದರು. 1870ರಿಂದ ಮದ್ರಾಸ್ ಸರಕಾರವೇ ಬೇಸಿಗೆಗೆ ಇಲ್ಲಿಗೆ ಬರತೊಡಗಿತು. ಅಷ್ಟು ಬೆಂಕಿಗೂಡುಗಳಿಗೆ ಸೌದೆ ಎಲ್ಲಿಂದ? ಹತ್ತಿರದ ಶೋಲಾ ಕಾಡುಗಳು ಕರಗಿದವು. ಸೌದೆಯ ಕೊರತೆ ನೀಗಲೆಂದೇ ಆಸ್ಟ್ರೇಲಿಯಾದ ನೀಲಿ ಗಮ್ ಮರವನ್ನೂ ವ್ಯಾಟಲ್ ಮರವನ್ನೂ ತಂದು ಹುಲ್ಲುಗಾವಲುಗಳ ಮೇಲೆ ನೆಟ್ಟರು. ತಮಾಷೆ ನೋಡಿ, ಬಯಲುಸೀಮೆಯ ಕನ್ನಡಿಗರು ಇವತ್ತು ಆ ಆಸ್ಟ್ರೇಲಿಯಾದ ಮರವನ್ನೇ "ನೀಲಗಿರಿ" ಎಂದು ಕರೆಯುತ್ತಾರೆ, ನಮ್ಮ ಬೆಟ್ಟದ ಹೆಸರು ಹಿಡಿದು. ಮನೆ ಬಿಸಿ ಮಾಡುವ ಪ್ರಶ್ನೆ ನಮ್ಮ ಬೆಟ್ಟದ ಮೈಯನ್ನೇ ಒಂದು ಸಲ ಬದಲಿಸಿದೆ. ಹೀಟ್ ಪಂಪ್ ಕಾಡು ಕಡಿಯುವುದಿಲ್ಲ, ಒಪ್ಪುತ್ತೇನೆ. ಆದರೆ ಬೇರೆ ಹವೆಯ ಅಭ್ಯಾಸವನ್ನು ಹಾಗೇ ಎತ್ತಿಕೊಂಡು ಬಂದರೆ ಅದರ ಬೆಲೆಯನ್ನು ಇಲ್ಲಿನವರು ತೆರುತ್ತಾರೆ.

ಬೆಲೆಯ ಮಾತಿಗೇ ಬರೋಣ. ನಮ್ಮ ಮನೆಗೆ ಬಂದು ನೋಡಿ ಹೋದ ಮಾರಾಟದವರು ಮೂರು ಕೋಣೆಗೆ ಮೂರು ಹಾಟ್ ಅಂಡ್ ಕೋಲ್ಡ್ ಯಂತ್ರ, ಸ್ಟೆಬಿಲೈಸರ್, ಕೂಡಿಸುವ ಖರ್ಚು ಸೇರಿ 1,70,000 ರೂಪಾಯಿ ಬರೆದುಕೊಟ್ಟರು. ಹಸಿ ಚಹಾ ಎಲೆಗೆ ಕಿಲೋಗೆ 20 ರೂಪಾಯಿ ಸಿಕ್ಕಿತು ಎಂದುಕೊಳ್ಳಿ, ಅದು 8,500 ಕಿಲೋ ಎಲೆ. ನಮ್ಮ ಒಂದು ಎಕರೆ ತೋಟದ ಎರಡು ವರ್ಷಕ್ಕೂ ಮೀರಿದ ಎಲೆ, ಅದೂ ಕೂಲಿ, ಗೊಬ್ಬರ ಕಳೆಯುವ ಮುಂಚೆ. ವಿದೇಶದಿಂದ ದುಡ್ಡು ಬಂದರೂ ಅದು ಯಾರದೋ ರಾತ್ರಿ ಪಾಳಿಯ ದುಡ್ಡೇ.

ಆದ್ದರಿಂದ ಅಜ್ಜಿಯ ಕೋಣೆಯನ್ನು ಹಿಡಿದು ನಾನು ಒಂದು ಲೆಕ್ಕ ಹಾಕಿದೆ. ಹತ್ತಡಿ ಹನ್ನೆರಡಡಿ ಕೋಣೆ, ಮೇಲೆ ಆರ್.ಸಿ.ಸಿ. ಚಾವಣಿ, ಎರಡು ಹೊರಗೋಡೆ, ಒಂದೇ ಪದರ ಗಾಜಿನ ಕಿಟಕಿ, ಮೇಲೆ ವೆಂಟಿಲೇಟರ್. ಹೊರಗೆ 7 ಡಿಗ್ರಿ ಇದ್ದಾಗ ಒಳಗೆ 18 ಡಿಗ್ರಿ ಇರಬೇಕು. ವಿಶ್ವ ಆರೋಗ್ಯ ಸಂಸ್ಥೆ ಚಳಿಗಾಲದಲ್ಲಿ ಮನೆಯೊಳಗೆ ಕನಿಷ್ಠ ಇರಬೇಕು ಎಂದು ಹೇಳುವುದು ಈ 18ನ್ನೇ. ಆಗ ಆ ಕೋಣೆಯಿಂದ ಹೊರಗೆ ಸೋರುವ ಶಾಖ ಸುಮಾರು 1,000 ವ್ಯಾಟ್. ಅದರಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು ಚಾವಣಿಯಿಂದಲೇ ಹೋಗುತ್ತದೆ. ಆಕಾಶ ತಿಳಿಯಾಗಿರುವ ರಾತ್ರಿ ಇನ್ನೂ ಹೆಚ್ಚು. ಹುಲ್ಲಿನ ಮೇಲೆ ಇಬ್ಬನಿ ಬೆಳ್ಳಗೆ ಹೆಪ್ಪುಗಟ್ಟುವುದನ್ನು ನೋಡಿದ್ದೀರಲ್ಲ, ಗಾಳಿ 3 ಡಿಗ್ರಿ ಇದ್ದರೂ ಹುಲ್ಲು ತನ್ನ ಶಾಖವನ್ನು ಬರಿಯ ಆಕಾಶಕ್ಕೆ ಬಿಟ್ಟುಕೊಟ್ಟು ಸೊನ್ನೆಗಿಂತ ಕೆಳಗೆ ಇಳಿದಿರುತ್ತದೆ. ನಮ್ಮ ಬೋಳು ತಾರಸಿಯೂ ರಾತ್ರಿಯಿಡೀ ಅದನ್ನೇ ಮಾಡುತ್ತಿರುತ್ತದೆ, ಅಜ್ಜಿಯ ತಲೆಯ ಮೇಲೆಯೇ.

1,000 ವ್ಯಾಟ್ ಎಂಟು ಗಂಟೆ ಎಂದರೆ ರಾತ್ರಿಗೆ 8 ಯೂನಿಟ್. ಎರಡು ತಿಂಗಳ ಬಿಲ್ಲಿನಲ್ಲಿ 480 ಯೂನಿಟ್, ರಾಡ್ ಹೀಟರ್ ಒಂದಕ್ಕೇ. ಹೀಟ್ ಪಂಪ್ ಇಟ್ಟರೆ ಸುಮಾರು 180. (ಒಂದಕ್ಕೆ ಮೂರು ಎಂದು ಹೇಳಿದೆನಲ್ಲ, ಮಂಜು ಹೆಚ್ಚಿರುವ ರಾತ್ರಿಗಳಿಗಾಗಿ 2.7 ಎಂದೇ ಹಿಡಿದಿದ್ದೇನೆ.) ಈಗ ಯಂತ್ರ ಇಲ್ಲದೆ ಚಾವಣಿಯ ಕೆಳಗೆ ಮರದ ಫಾಲ್ಸ್ ಸೀಲಿಂಗ್ ಕೊಟ್ಟು ಅದರ ಮೇಲೆ ಗ್ಲಾಸ್‌ವೂಲ್ ಹಾಸಿ, ಕಿಟಕಿಗೆ ದಪ್ಪ ಪರದೆ ಹಾಕಿ, ಸಂದುಗಳಿಗೆ ಫೋಮ್ ಪಟ್ಟಿ ಅಂಟಿಸಿದರೆ ಸೋರಿಕೆ 600 ವ್ಯಾಟಿನ ಹತ್ತಿರಕ್ಕೆ ಇಳಿಯುತ್ತದೆ. ಆಗ ರಾಡ್ ಹೀಟರೇ ಇದ್ದರೂ 300 ಯೂನಿಟ್ ಸಾಕು. ಚಾವಣಿಯೂ ಯಂತ್ರವೂ ಎರಡೂ ಆದರೆ 110.

ಯಂತ್ರ ಒಂದೇ ಆದರೆ 300 ಯೂನಿಟ್ ಉಳಿತಾಯ, ಚಾವಣಿ ಒಂದೇ ಆದರೆ 180. ಮೇಲೆ ನೋಡಿದರೆ ಯಂತ್ರವೇ ಗೆದ್ದಿತು. ಆದರೆ ಒಂದು ಕೋಣೆಗೆ ಯಂತ್ರಕ್ಕೆ ಎಲ್ಲ ಸೇರಿ 55,000 ಆಗುತ್ತದೆ, ಚಾವಣಿಗೆ ನಮ್ಮ ಆಚಾರಿ ಹೇಳಿದ್ದು 18,000. ಹಾಕಿದ ಪ್ರತಿ ಸಾವಿರ ರೂಪಾಯಿಗೆ ಚಾವಣಿ 10 ಯೂನಿಟ್ ಉಳಿಸಿದರೆ ಯಂತ್ರ ಐದೂವರೆ. ಜೊತೆಗೆ ಚಾವಣಿಗೆ ರಿಮೋಟ್ ಬೇಡ, ಗ್ಯಾಸ್ ತುಂಬಿಸಬೇಕಿಲ್ಲ, ಕರೆಂಟ್ ಹೋದ ರಾತ್ರಿಯೂ ಅದು ಕೆಲಸ ಮಾಡುತ್ತಿರುತ್ತದೆ. ಹೀಟರೇ ಇಲ್ಲದ ಮನೆಗೂ ಅದು ಉಪಯೋಗಕ್ಕೆ ಬರುತ್ತದೆ. ನಮ್ಮ ಸಭೆಯಲ್ಲಿ ಅಂಥ ಮನೆಗಳೇ ಹೆಚ್ಚು.

ಒಂದು ಎಚ್ಚರಿಕೆ: ಅಗ್ಗ ಎಂದು ಬರಿಯ ಥರ್ಮೋಕೋಲ್ ಹಾಳೆಗಳನ್ನು ಚಾವಣಿಗೆ ಅಂಟಿಸಬೇಡಿ. ಅದು ಬೆಂಕಿಗೆ ಬೇಗ ಸಿಗುತ್ತದೆ, ವಯರಿಂಗ್ ಎಲ್ಲ ಅಲ್ಲೇ ಹಾದುಹೋಗಿರುತ್ತದೆ. ಇನ್ನೊಂದು: ಎಲ್ಲವನ್ನೂ ಮುಚ್ಚಿ ಹಗಲೂ ತೆಗೆಯದಿದ್ದರೆ ಗೋಡೆ ತುಂಬ ಬೂಷ್ಟು. ಬೆಳಿಗ್ಗೆ ಹನ್ನೊಂದರಿಂದ ಮೂರರವರೆಗೆ ಕಿಟಕಿ ತೆರೆದು ಬಿಸಿಲು ಗಾಳಿ ಎರಡನ್ನೂ ಒಳಗೆ ಬಿಡಿ, ನಾಲ್ಕಕ್ಕೆ ಮುಚ್ಚಿ ಪರದೆ ಎಳೆಯಿರಿ. ಇದಕ್ಕೆ ಒಂದು ಪೈಸೆಯೂ ಬೇಡ, ಆದರೂ ನಾವು ಮಾಡುವುದಿಲ್ಲ. ಹಗಲೆಲ್ಲ ಸೋಫಾ ಬಣ್ಣ ಹೋಗುತ್ತದೆಂದು ಪರದೆ ಎಳೆದಿರುತ್ತೇವೆ.

ಇ.ಬಿ. ಬಿಲ್ಲಿನ ಒಂದು ವಿಷಯ ನೆನಪಿರಲಿ. ತಮಿಳುನಾಡಿನಲ್ಲಿ 2016ರಿಂದ ಎರಡು ತಿಂಗಳಿಗೆ ಮೊದಲ 100 ಯೂನಿಟ್ ಮನೆಗಳಿಗೆ ಉಚಿತವಾಯಿತು. ಆದರೆ ಮೇಲೆ ಹೋದಂತೆ ದರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, 500 ದಾಟಿದರೆ ಕೆಳಗಿನ ಯೂನಿಟ್‌ಗಳ ಲೆಕ್ಕವೂ ಬದಲಾಗುತ್ತದೆ. ಫ್ರಿಜ್, ಟಿ.ವಿ., ಗೀಸರ್, ದೀಪಕ್ಕೆ 250 ಯೂನಿಟ್ ಆಗುವ ಮನೆ ರಾಡ್ ಹೀಟರಿನ 480 ಸೇರಿಸಿದರೆ 730ಕ್ಕೆ ಹೋಗಿ ನಿಲ್ಲುತ್ತದೆ. ಚಾವಣಿ, ಯಂತ್ರ ಎರಡೂ ಇದ್ದರೆ 360. ಜನವರಿ ಬಿಲ್ ನೋಡಿ ಗಾಬರಿಯಾದವರಿಗೆ ನಾನು ಏನು ಹೇಳುತ್ತಿದ್ದೇನೆಂದು ಗೊತ್ತು.

ಹಾಗಿದ್ದರೂ ಯಂತ್ರ ಯಾರಿಗೆ ಬೇಕೇ ಬೇಕು? ವಯಸ್ಸಾದವರಿರುವ, ಉಬ್ಬಸ ಇರುವ, ಹೃದಯದ ತೊಂದರೆ ಇರುವ ಮನೆಗೆ. ಚಳಿಗೆ ರಕ್ತನಾಳ ಬಿಗಿದು ಬಿ.ಪಿ. ಏರುತ್ತದೆ. ವಯಸ್ಸಾದಂತೆ ಚಳಿಯ ಅರಿವೇ ಮಂದವಾಗುತ್ತದೆ. "ನನಗೇನೂ ಚಳಿ ಇಲ್ಲ ಬಿಡು" ಎನ್ನುವ ಅಜ್ಜಿಯ ಕೈ ಮುಟ್ಟಿದರೆ ಮಂಜಿನಂತಿರುತ್ತದೆ. ಇಲ್ಲಿ ನನಗೆ ಒಂದು ಬೇಸರವಿದೆ, ಹೇಳಿಬಿಡುತ್ತೇನೆ. ಹಿಂದೆ ಅಜ್ಜ ಅಜ್ಜಿ ಮಲಗುತ್ತಿದ್ದದ್ದು ಒಲೆಯ ಹತ್ತಿರ, ದಪ್ಪ ಮಣ್ಣಿನ ಗೋಡೆಯ ನಡುವೆ, ಮಕ್ಕಳು ಮೊಮ್ಮಕ್ಕಳ ಮಧ್ಯೆ. ಈಗ ನಾವು ಹೊಸ ಮನೆ ಕಟ್ಟಿ, ಬಯಲಿನವರ ನಕ್ಷೆ ತಂದು, ದೊಡ್ಡ ದೊಡ್ಡ ಗಾಜು ಇಟ್ಟು, ನೆಲಕ್ಕೆ ಟೈಲ್ಸ್ ಹಾಕಿ, ಅವರಿಗೆ "ಪ್ರತ್ಯೇಕ ರೂಮ್" ಕೊಟ್ಟಿದ್ದೇವೆ. ಗೌರವದಿಂದಲೇ ಕೊಟ್ಟದ್ದು. ಆದರೆ ಮನೆಯಲ್ಲಿ ಅತಿ ತಣ್ಣನೆಯ ಕೋಣೆ ಅದೇ ಆಗಿರುತ್ತದೆ, ಉತ್ತರಕ್ಕೆ ಮುಖ ಮಾಡಿ, ಒಬ್ಬರೇ. ಮಕ್ಕಳು ಕೊಯಮತ್ತೂರು, ಬೆಂಗಳೂರು, ಲಂಡನ್. ಹಿಂದಿನವರು ಚಳಿ ತಾಳಲಿಲ್ಲವೇ ಎನ್ನುವವರು ಈ ವ್ಯತ್ಯಾಸವನ್ನು ಒಮ್ಮೆ ನೋಡಬೇಕು. ಅವರನ್ನು ಬಿಸಿಲು ಬೀಳುವ ದಕ್ಷಿಣದ ಕೋಣೆಗೆ ಬದಲಿಸುವುದೇ ಅರ್ಧ ಹೀಟರ್.

ಆರೋಗ್ಯವಾಗಿರುವ ನಮ್ಮ ವಯಸ್ಸಿನವರಿಗೆ ಯಂತ್ರ ಬೇಡ ಎಂದೇ ನನ್ನ ಅಭಿಪ್ರಾಯ. ಹಾಸಿಗೆ ಬೆಚ್ಚಗಿದ್ದರೆ ಸಾಕು, ಕೋಣೆ ಬೆಚ್ಚಗಿರಬೇಕಿಲ್ಲ. ಒಂದು ರಬ್ಬರಿನ ಬಿಸಿನೀರಿನ ಚೀಲ, ಒಳ್ಳೆಯ ಕಂಬಳಿ. ಹಾಸಿಗೆಯ ಕೆಳಗೆ ಹಾಸುವ ಎಲೆಕ್ಟ್ರಿಕ್ ಬ್ಲಾಂಕೆಟ್ ರಾತ್ರಿಯಿಡೀ ಇದ್ದರೂ ಅರ್ಧ ಮುಕ್ಕಾಲು ಯೂನಿಟ್ ಮುಟ್ಟುತ್ತದೆ.

ಸ್ನಾನದ ನೀರಿಗೆ ಹೀಟ್ ಪಂಪ್ ಬಗ್ಗೆಯೂ ಕೇಳಿದ್ದೀರಿ. ಬೇಗ ಹೇಳುತ್ತೇನೆ. ಒಂದು ಬಕೆಟ್, 20 ಲೀಟರ್ ನೀರನ್ನು 15 ಡಿಗ್ರಿಯಿಂದ 42ಕ್ಕೆ ತರಲು 0.63 ಯೂನಿಟ್ ಬೇಕು. ನಾಲ್ಕು ಜನರ ಮನೆಗೆ ದಿನಕ್ಕೆ ಎರಡೂವರೆ ಯೂನಿಟ್. ಹೀಟ್ ಪಂಪ್ ಇಟ್ಟರೆ ಒಂದೂವರೆ ಯೂನಿಟ್‌ಗಿಂತ ಸ್ವಲ್ಪ ಹೆಚ್ಚು ಉಳಿಯುತ್ತದೆ, ವರ್ಷಕ್ಕೆ ಸುಮಾರು 600. ಯೂನಿಟ್‌ಗೆ 7 ರೂಪಾಯಿ ಎಂದು ಹಿಡಿದರೆ 4,200. ಗೀಸರಿಗಿಂತ 70,000 ಹೆಚ್ಚು ಕೊಟ್ಟು ತಂದರೆ ಹದಿನಾರು ಹದಿನೇಳು ವರ್ಷ ಬೇಕು ದುಡ್ಡು ವಾಪಸು ಬರಲು. ಅಷ್ಟು ದಿನ ಯಂತ್ರವೇ ಬಾಳುತ್ತದೋ ಇಲ್ಲವೋ. ಬೇಡ. ಆದರೆ ನಲವತ್ತು ಮಕ್ಕಳಿರುವ ಹಾಸ್ಟೆಲ್ ಬೇರೆ ಮಾತು. ಅಲ್ಲಿ ಕರೆಂಟಿನಿಂದ ನೀರು ಕಾಯಿಸುತ್ತಿದ್ದರೆ ದಿನಕ್ಕೆ 25 ಯೂನಿಟ್, ಹೀಟ್ ಪಂಪ್ ಅದನ್ನು ಎಂಟೂವರೆಗೆ ಇಳಿಸುತ್ತದೆ. ವರ್ಷದಲ್ಲಿ 300 ದಿನ ಹಿಡಿದರೂ 5,000 ಯೂನಿಟ್ ಹತ್ತಿರ ಉಳಿಯಿತು. ಹಾಸ್ಟೆಲ್, ವೃದ್ಧಾಶ್ರಮ ನೋಡಿಕೊಳ್ಳುವ ಹಿರಿಯರು ನಮ್ಮ ನಡುವೆಯೇ ಇದ್ದಾರೆ, ಅವರು ಇದನ್ನು ಕೂತು ಲೆಕ್ಕ ಹಾಕಬೇಕು. ಸೌದೆ ಒಲೆ, ಹಂಡೆ ಇದ್ದರೆ ಸೌದೆಯ ಖರ್ಚನ್ನೂ, ಅದರ ಮುಂದೆ ಕೂತು ಕೆಮ್ಮುವವರನ್ನೂ ಲೆಕ್ಕಕ್ಕೆ ಸೇರಿಸಿ.

ಕೊಳ್ಳಲು ಹೊರಟವರಿಗೆ ಕೆಲವು ಮಾತು. ಅಂಗಡಿಯಲ್ಲಿ "ಏ.ಸಿ." ಎಂದು ಕೇಳಿದರೆ ತಣ್ಣಗೆ ಮಾತ್ರ ಮಾಡುವುದನ್ನು ಕೊಟ್ಟಾರು, ಹಾಟ್ ಅಂಡ್ ಕೋಲ್ಡ್ ಇನ್ವರ್ಟರ್ ಎಂದೇ ಕೇಳಿ. ಮೇಲಿರುವ ಐದು ನಕ್ಷತ್ರ ನೋಡಿ ಮೋಸಹೋಗಬೇಡಿ. ನಮ್ಮ ದೇಶದಲ್ಲಿ ಆ ನಕ್ಷತ್ರ ಕೊಡುವುದು ತಂಪು ಮಾಡುವ ಕೆಲಸ ನೋಡಿ, ಬಿಸಿ ಮಾಡುವುದನ್ನು ನೋಡಿ ಅಲ್ಲ. ಹೊರಗೆ ಎಷ್ಟು ಡಿಗ್ರಿಯವರೆಗೆ ಓಡುತ್ತದೆ, 2 ಡಿಗ್ರಿಯಲ್ಲಿ ಎಷ್ಟು ಶಾಖ ಕೊಡುತ್ತದೆ ಎಂದು ಕೇಳಿ, ಬರೆದು ಕೊಡಲು ಹೇಳಿ. ನಮ್ಮ ಹವೆ ಈ ಯಂತ್ರಕ್ಕೆ ಸ್ವಲ್ಪ ಕಷ್ಟದ್ದು. ಒಣ ಚಳಿಗಿಂತ ಮಂಜು ತುಂಬಿದ 3, 4 ಡಿಗ್ರಿಯ ಗಾಳಿಯೇ ಅದಕ್ಕೆ ಹೆಚ್ಚು ತೊಂದರೆ, ಏಕೆಂದರೆ ಹೊರಗಿನ ಕಾಯಿಲ್ ಗಾಳಿಗಿಂತ ತಣ್ಣಗಿದ್ದು ಅದರ ಮೇಲೆ ತೇವ ಹೆಪ್ಪುಗಟ್ಟುತ್ತದೆ. ಅದನ್ನು ಕರಗಿಸಲು ಯಂತ್ರ ಆಗಾಗ ತಿರುಗಿ ಓಡುತ್ತದೆ, ಆ ಕೆಲವು ನಿಮಿಷ ಒಳಗೆ ಬಿಸಿ ಬರುವುದಿಲ್ಲ. ಅದು ಕೆಟ್ಟಿದೆ ಎಂದು ಫೋನ್ ಮಾಡಬೇಡಿ. ಎತ್ತರದ ವಿಷಯವನ್ನು ಯಾವ ಮಾರಾಟದವರೂ ಹೇಳುವುದಿಲ್ಲ. ಊಟಿ 2,200 ಮೀಟರಿಗೂ ಮೇಲಿದೆ, ಇಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಮುಕ್ಕಾಲು ಪಾಲಷ್ಟೇ. ಅನ್ನ ಬೇಯಲು ಹೊತ್ತು ಹಿಡಿಯುವುದು ಅದಕ್ಕೇ. ಫ್ಯಾನ್ ಅಷ್ಟೇ ತಿರುಗಿದರೂ ಹಾದುಹೋಗುವ ಗಾಳಿ ತೆಳು, ಹಾಗಾಗಿ ಕ್ಯಾಟಲಾಗಿನಲ್ಲಿ ಬರೆದಷ್ಟು ಬಿಸಿ ನಿರೀಕ್ಷಿಸಬೇಡಿ, ಒಂದು ಅಳತೆ ಮೇಲಿನದನ್ನು ನೋಡಿ. ಸರ್ವಿಸ್‌ಗೆ ಮೆಕ್ಯಾನಿಕ್ ಕೊಯಮತ್ತೂರಿನಿಂದ ಘಾಟ್ ಹತ್ತಿ ಬರಬೇಕಾದರೆ ಅದರ ಖರ್ಚು ಯಾರದು ಎಂದೂ ಮೊದಲೇ ಕೇಳಿ.

ಕರೆಂಟಿನ ಮಾತು ಬಿಟ್ಟರೆ ಆಗುವುದಿಲ್ಲ. ಪೈಕಾರದ ನೀರಿನಿಂದ 1932ರಲ್ಲೇ ವಿದ್ಯುತ್ ತಯಾರಾಗಿ ಬಯಲಿಗೆ ಹರಿಯಿತು. ನಮ್ಮ ಹಟ್ಟಿಗಳಲ್ಲಿ ಮಾತ್ರ ಒಂದು ಮರ ತಂತಿಯ ಮೇಲೆ ಬಿದ್ದರೆ ಎರಡು ದಿನ ಕತ್ತಲೆ. ಆ ಎರಡು ರಾತ್ರಿ ಹೀಟ್ ಪಂಪ್ ಗೋಡೆಯ ಮೇಲಿನ ಅಲಂಕಾರ. ಆಗ ಜನ ಮತ್ತೆ ಬಾಣಲೆ ತೆಗೆಯುತ್ತಾರೆ, ಅದೂ ಸಂದು ಮುಚ್ಚಿದ ಕೋಣೆಯಲ್ಲಿ. ನನಗೆ ನಿಜವಾದ ಭಯ ಇರುವುದು ಇದೊಂದರ ಬಗ್ಗೆ. ಆದ್ದರಿಂದ ಹಳೆಯ ಮನೆಯಲ್ಲಿ ಚಿಮಣಿ ಇರುವ ಒಲೆ ಇದ್ದರೆ ಅದನ್ನು ಒಡೆಯಬೇಡಿ, ಜೋಪಾನವಾಗಿ ಇಟ್ಟುಕೊಳ್ಳಿ. ಚಿಮಣಿ ಇಲ್ಲದ ಮನೆಯಲ್ಲಿ ಬಿಸಿನೀರಿನ ಚೀಲ ಎರಡು ಹೆಚ್ಚಿಗೆ ಇರಲಿ, ಆ ರಾತ್ರಿ ಎಲ್ಲರೂ ಒಂದೇ ಕೋಣೆಯಲ್ಲಿ ಮಲಗಿ.

ನಮ್ಮ ಮನೆಯಲ್ಲಿ ಕೊನೆಗೆ ಒಪ್ಪಿದ್ದು ಹೀಗೆ: ಅಜ್ಜಿಯ ಕೋಣೆಗೆ ಫಾಲ್ಸ್ ಸೀಲಿಂಗ್ ಈ ತಿಂಗಳೇ, ಅದಾದ ಮೇಲೆ ಥರ್ಮಾಮೀಟರ್ ಇಟ್ಟು ಒಂದು ವಾರ ನೋಡುವುದು, ಆಮೇಲೆ ಆ ಒಂದು ಕೋಣೆಗೆ ಒಂದು ಯಂತ್ರ. ಹಾಲ್‌ಗೂ ನಮ್ಮ ರೂಮಿಗೂ ಇಲ್ಲ. ಅಪ್ಪನಿಗೆ ಹಾಲ್‌ನಲ್ಲಿ ಒಂದಿರಲಿ ಎಂಬ ಆಸೆ ಇನ್ನೂ ಇದೆ, ಬಂದವರಿಗೆ ಕಾಣುತ್ತದಲ್ಲ! ಆ ವಾದ ಮುಗಿದಿಲ್ಲ.

ಯೌವನಸ್ಥರ ಸಂಘಕ್ಕೆ ನನ್ನದೊಂದು ಪ್ರಸ್ತಾಪ. ಪ್ರತಿ ವರ್ಷ ಕ್ರಿಸ್ಮಸ್‌ಗೆ ನಾವು ಒಂಟಿಯಾಗಿರುವ ಹಿರಿಯರಿಗೆ ಕಂಬಳಿ ಕೊಡುತ್ತೇವೆ. ಕೊಡೋಣ. ಆದರೆ ಕೆಲವು ಮನೆಗಳಲ್ಲಿ ಕೊಟ್ಟ ಕಂಬಳಿಗಳು ಮಡಿಚಿದ ಹಾಗೇ ಕಪಾಟಿನಲ್ಲಿ ನಾಲ್ಕಿವೆ, ಕಿಟಕಿಯ ಒಡೆದ ಗಾಜಿಗೆ ಮಾತ್ರ ಇನ್ನೂ ರಟ್ಟು. ಈ ಸಲ ಕಂಬಳಿಯ ದುಡ್ಡಿನಲ್ಲಿ ಅರ್ಧ ತೆಗೆದು ಫೋಮ್ ಪಟ್ಟಿ, ಗಾಜು, ಪರದೆ ಬಟ್ಟೆ ತರೋಣ. ನವೆಂಬರಿನ ನಾಲ್ಕು ಶನಿವಾರ, ಶನಿವಾರಕ್ಕೆ ಮೂರು ಮನೆ. ಗಾಜು ಕೂಡಿಸುವುದು, ಸಂದು ಮುಚ್ಚುವುದು, ಕೆಂಡ ಇಡುವವರಿದ್ದರೆ ಕೂತು ಮಾತಾಡುವುದು. ಕೂಡಿಸಲು ಬರುವವರು, ಏಣಿ ಇರುವವರು, ಹೊಲಿಗೆ ಯಂತ್ರ ಇರುವ ಅಕ್ಕಂದಿರು ಮುಂದಿನ ಭಾನುವಾರ ಆರಾಧನೆಯ ನಂತರ ನನ್ನ ಹತ್ತಿರ ಹೆಸರು ಕೊಡಿ. ಯಾವ ಮನೆಗೆ ಮೊದಲು ಹೋಗಬೇಕು ಎಂಬುದು ನನಗಿಂತ ಹಟ್ಟಿಯ ನಿಮಗೇ ಚೆನ್ನಾಗಿ ಗೊತ್ತು, ಅದನ್ನೂ ಬರೆದುಕೊಂಡು ಬನ್ನಿ.